ಕಿತ್ತಳೆ ಪಟ್ಟಿಯ ಟೋಪಿ

ಎಲ್ಲದಕ್ಕೂ ಕಾರಣ ಒಂದು ಟೋಪಿ. ಕ್ಲೈವ್ ಪೆಂಗೆಲಿಯ ಬೋಳುತಲೆಯನ್ನು ಬಿಸಿಲಿನಿಂದ ಕಾಯುತ್ತ ಬಣ್ಣಗೆಟ್ಟಿದ್ದ ಆ ಟೋಪಿಗೆ, ಈಚಿನ ಚಳಿಗಾಲದಲ್ಲಿ ಹೆಂಡತಿ ಎನಿಡ್ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಉಲ್ಲನ್ ಪಟ್ಟಿ ಹೆಣೆದು ಹೊಲಿದಿದ್ದಳು.

"ಇದು ನಿನ್ನ ಟೋಪಿ ಅಂತ ದೂರದಿಂದ್ಲೇ ಗೊತ್ತಾಗ್ಬೇಕು ಕಣೋ," ಎಂದಿದ್ದಳು. ಆ ಅಕ್ಕರೆಗೆ ಕ್ಲೈವ್ ಕರಗಿಹೋಗಿದ್ದ.

ನಮ್ಮ ವಾರಾಬಿನ್ ಊರಿನಲ್ಲಿ ಎನಿಡ್ ಎಂದರೆ ಎಲ್ಲರಿಗೂ ಪ್ರಾಣ. ತಾಯಿ ಕಳೆದುಕೊಂಡ ಕಾಂಗರೂ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವವಳು, ಕಾಯಿಲೆ ಬಿದ್ದವರ ಮನೆಗೆ ಸೂಪು ಒಯ್ಯುವವಳು. ಮನೆಯೊಳಗೆ ಜೇಡ ಬಂದರೂ ಲೋಟದಲ್ಲಿ ಹಿಡಿದು ಹೊರಗೆ ಬಿಟ್ಟು, "ಹುಷಾರಾಗಿ ಹೋಗಪ್ಪಾ" ಎನ್ನುವವಳು.

ಅಂದು ಸೆಪ್ಟೆಂಬರಿನ, ಅಂದರೆ ನಮ್ಮಲ್ಲಿ ವಸಂತದ, ಒಂದು ಭಾನುವಾರ. ಮನೆಯೆದುರಿನ ಪಾರ್ಕಿನಲ್ಲಿ ಪಕ್ಷಿಮಿತ್ರರ ಸಂಘದ ಪಿಕ್ನಿಕ್ಕು. ಊಟವಾದ ಮೇಲೆ ಹೊಸ ಅಧ್ಯಕ್ಷರ ಆಯ್ಕೆ. ಕ್ಲೈವ್‌ಗೆ ಬದುಕಿನಲ್ಲಿ ಇನ್ನು ಬೇಕಾಗಿದ್ದುದು ಅದೊಂದೇ. ರೈಲ್ವೆಯಿಂದ ನಿವೃತ್ತನಾದಾಗಿನಿಂದ ಸಂಘದ ಕುರ್ಚಿಗಳನ್ನು ಹೊತ್ತು ತಂದು ಹಾಕಿ, ಮತ್ತೆ ಮಡಚಿ ಎತ್ತಿಟ್ಟವನು ಅವನು. ಈ ಸಲ ಅವುಗಳಲ್ಲೊಂದರ ಮೇಲೆ ಕೂರುವ ಆಸೆ. ಎದುರಾಗಿ ನಿಂತವರು ಯಾರೂ ಇರಲಿಲ್ಲ. ನೆಗಡಿ ಹಿಡಿದು ವಾರವಿಡೀ ಹಾಸಿಗೆಯಲ್ಲಿದ್ದವನು ಭಾಷಣ ಬಾಯಿಪಾಠ ಮಾಡಿಕೊಂಡು, ಟೋಪಿ ಏರಿಸಿ, ಉಬ್ಬಿದ ಎದೆಯೊಂದಿಗೆ ಗೇಟು ದಾಟಿದ.

ಗೇಟಿನ ಪಕ್ಕದ ನೀಲಗಿರಿ ಮರದಿಂದ ಕಪ್ಪುಬಿಳುಪಿನ ಮ್ಯಾಗ್‌ಪೈ ಹಕ್ಕಿಯೊಂದು ಸುಂಯ್ಯನೆ ಇಳಿದು ಅವನ ನೆತ್ತಿಗೆ ಕುಕ್ಕಿತು.

ವಸಂತದಲ್ಲಿ ಗೂಡು ಕಾಯುವ ಮ್ಯಾಗ್‌ಪೈ ಜನರ ಮೇಲೆ ಎರಗುವುದು ನಮಗೆ ಹೊಸದಲ್ಲ. ಆದರೆ ಇದು ದಾರಿಯಲ್ಲಿದ್ದ ಬೇರೆ ಯಾರನ್ನೂ ಮುಟ್ಟಲಿಲ್ಲ. ಕ್ಲೈವನೊಬ್ಬನನ್ನೇ ಪಾರ್ಕಿನ ನಡುವಿನವರೆಗೂ ಅಟ್ಟಿಸಿಕೊಂಡು ಬಂತು. ಸಾಸೇಜು ಸುಡುತ್ತಿದ್ದವರು ಇಕ್ಕಳ ಹಿಡಿದುಕೊಂಡೇ ತಿರುಗಿ ನೋಡಿದರು.

"ಏನ್ ಮಾಡಿದ್ಯೋ ಅದಕ್ಕೆ?" ಎಂದಳು ಪಕ್ಕದ ಮನೆಯ ಗ್ಲೆನಿಸ್.

"ನಾನಾ? ಏನೂ ಇಲ್ಲ ಮಾರಾಯ್ತಿ!"

"ಮತ್ತೆ ನನ್ನನ್ಯಾಕೆ ಕುಕ್ಕಲ್ಲ?"

"ಅದಕ್ಕೂ ಜೀವಭಯ ಇರುತ್ತಲ್ಲ," ಎಂದುಬಿಟ್ಟ ಕ್ಲೈವ್. ಒಂದು ವೋಟು ಅಲ್ಲೇ ಹೋಯಿತು.

ನಿವೃತ್ತ ವಿಜ್ಞಾನ ಮೇಷ್ಟ್ರು ಡೆಸ್ಮಂಡ್ ಗಂಟಲು ಸರಿಮಾಡಿಕೊಂಡ. "ತೊಂದ್ರೆ ಕೊಟ್ಟವರನ್ನ ಮ್ಯಾಗ್‌ಪೈ ವರ್ಷಗಟ್ಲೆ ಮರೆಯಲ್ಲ. ಮನುಷ್ಯರು ಸುಳ್ಳು ಹೇಳ್ಬಹುದು ಕ್ಲೈವ್, ಹಕ್ಕಿ ಹೇಳಲ್ಲ."

ಎನಿಡ್ ಓಡಿಬಂದು ಗಂಡನ ತೋಳು ಹಿಡಿದಳು. "ನನ್ನ ಕ್ಲೈವ್ ಇರುವೆಗೂ ನೋವು ಮಾಡೋನಲ್ಲ! ಏನಾದ್ರೂ ಮಾಡಿದ್ರೂ ಬೇಕಂತ ಮಾಡಿರಲ್ಲ."

ಜನರಿಗೆ ಆ ಎರಡನೆಯ ಮಾತು ಮಾತ್ರ ಕೇಳಿಸಿತು.

ಗ್ಲೆನಿಸ್ ಐಸ್‌ಕ್ರೀಮಿನ ಖಾಲಿ ಡಬ್ಬಿಯೊಂದಕ್ಕೆ ದೊಡ್ಡ ಕಣ್ಣುಗಳನ್ನು ಬರೆದು ತಂದಳು. ಹಿಂದೆಯೂ ಕಣ್ಣಿದೆಯೆಂದು ಹಕ್ಕಿ ಹೆದರಲಿ ಅಂತ ನಮ್ಮೂರಿನವರು ಮಾಡುವ ಉಪಾಯ. ಬೇಡವೆಂದರೂ ಬಿಡದೆ ಟೋಪಿಯ ಮೇಲೆಯೇ ಡಬ್ಬಿ ಕವುಚಿದಳು. ಕಿತ್ತಳೆ ಪಟ್ಟಿ ಕೆಳಗೆ ಇಣುಕುತ್ತಲೇ ಇತ್ತು. ಹಕ್ಕಿ ಮತ್ತೆ ಎರಗಿತು; ಡಬ್ಬಿ ಜಾರಿ ಕ್ಲೈವನ ಕಣ್ಣಿಗೆ ಅಡ್ಡವಾಯಿತು. ಕುರುಡನಂತೆ ಓಡಿದವನು ತಿಂಡಿಯ ಮೇಜಿಗೆ ಢಿಕ್ಕಿ ಹೊಡೆದು, ಗ್ಲೆನಿಸ್ ನಸುಕಿನಲ್ಲೆದ್ದು ಮಾಡಿದ್ದ ಪಾವ್ಲೋವಾ ಕೇಕಿನ ಕೆನೆಯಲ್ಲಿ ಮೊಣಕೈವರೆಗೂ ಮುಳುಗಿದ.

"ನನ್ನ ಪಾವ್ಲೋವಾ!" ಎಂದು ಕಿರುಚಿದಳು ಗ್ಲೆನಿಸ್.

"ನನ್ನ ತಲೆ!" ಎಂದ ಕ್ಲೈವ್. ಅದರ ಬಗ್ಗೆ ಯಾರೂ ವಿಚಾರಿಸಲಿಲ್ಲ.

"ಎಲ್ರೂ ಸುಮ್ನಿರಿ, ಪರೀಕ್ಷೆ ಮಾಡೇಬಿಡೋಣ," ಎಂದು ಡೆಸ್ಮಂಡ್ ಡಬ್ಬಿ ತೆಗೆದೆಸೆದು, ಕೆನೆ ಮೆತ್ತಿದ್ದ ಟೋಪಿಯನ್ನು ಕಿತ್ತುಕೊಂಡು ತಾನೇ ಹಾಕಿಕೊಂಡ. ಹಕ್ಕಿ ಬರಿದಲೆಯ ಕ್ಲೈವನತ್ತ ತಿರುಗಿಯೂ ನೋಡದೆ ಮೇಷ್ಟ್ರ ಹಿಂದೆ ಬಿತ್ತು. ಡೆಸ್ಮಂಡ್ ಕಾರಂಜಿಗೆ ಎರಡು ಸುತ್ತು ಹಾಕಿ, ಟೋಪಿ ಎಸೆದು, ಬೆಂಚಿನ ಕೆಳಗೆ ತೂರಿಕೊಂಡ.

"ನೋಡಿದ್ರಾ!" ಕ್ಲೈವ್ ಕುಣಿದಾಡಿದ. "ಅದಕ್ಕೆ ಕೋಪ ಇರೋದು ಟೋಪಿ ಮೇಲೆ, ನನ್ನ ಮೇಲಲ್ಲ!"

"ಆ ಟೋಪಿ ಯಾರ್ದು?" ಬೆಂಚಿನ ಕೆಳಗಿನಿಂದ ಡೆಸ್ಮಂಡ್ ಕೇಳಿದ.

"ನಂದೇ."

"ಅಂದ್ರೆ ಟೋಪಿಯಿಂದ ಮುಖ ಮುಚ್ಕೊಂಡು ಕಾಟ ಕೊಟ್ಟಿದೀಯ. ಅದಕ್ಕೇ ನಿನ್ನ ಮುಖ ಹಕ್ಕಿಗೆ ಗೊತ್ತಿಲ್ಲ."

"ಅಬ್ಬಾ, ಎಂಥ ಖದೀಮ!" ಎಂದಳು ಗ್ಲೆನಿಸ್. "ಪಾಪ ಎನಿಡ್, ಇಂಥವನ ಜೊತೆ ಹ್ಯಾಗೆ ಬಾಳ್ತಿದಾಳೋ!"

ಆ ಕನಿಕರ ಪಾರ್ಕಿನ ತುಂಬ ಹಬ್ಬಿತು. ಆಯ್ಕೆಯ ಹೊತ್ತಿಗೆ ಯಾರೋ ಎನಿಡ್‌ಳ ಹೆಸರು ಹೇಳಿದ್ದೇ ತಡ, ಎಲ್ಲರ ಕೈಗಳೂ ಮೇಲೆದ್ದವು. ಹೊಸ ಅಧ್ಯಕ್ಷೆ ಕಣ್ಣೊರೆಸಿಕೊಂಡು, "ಮೂಕ ಜೀವಿಗಳನ್ನ ಪ್ರೀತಿಸೋಣ" ಎಂದು ಎರಡು ಮಾತಾಡಿದಳು. ಆಮೇಲೆ ಕುರ್ಚಿಗಳನ್ನು ಮಡಚಿದವನು ಕ್ಲೈವ್.

ಮನೆಗೆ ಬಂದು ಟೋಪಿಯ ಕೆನೆ ಒರೆಸುವಾಗ ಒಳಪಟ್ಟಿಯಿಂದ ಏನೋ ಉದುರಿತು. ಗುಲಾಬಿ ಬಣ್ಣದ ಹೇರ್‌ಪಿನ್ನು. ಕ್ಲೈವನ ತಲೆಯಲ್ಲಿ ಪಿನ್ನು ಸಿಕ್ಕಿಸಲು ಕೂದಲೇ ಇರಲಿಲ್ಲ.

"ಎನಿಡ್, ಇದು ನಿಂದಲ್ವಾ?"

"ಅಯ್ಯೋ, ಅಲ್ಲಿತ್ತಾ? ಬೆಳಗ್ಗೆಯಿಂದ ಹುಡುಕ್ತಿದೀನಿ!"

"ನನ್ನ ಟೋಪಿಗೆ ಹ್ಯಾಗೆ ಬಂತು?"

ಎನಿಡ್ ಟೀ ಬಗ್ಗಿಸುತ್ತ, ಅದೇ ಮೆಲುದನಿಯಲ್ಲಿ ಹೇಳಿದಳು. "ಹೋದ ವರ್ಷ ಒಂದು ಮದುವೆಗೆ ಅಂತ ತಲೆ ಸೆಟ್ ಮಾಡಿಸ್ಕೊಂಡು ಬಂದಿದ್ನಲ್ಲ? ಬಟ್ಟೆ ಒಣಗಾಕುವಾಗ ಆ ದರಿದ್ರ ಹಕ್ಕಿ ಬಂದು ಪೂರ್ತಿ ಕೆದರಿಹಾಕ್ತು. ನಾನು ಮರೀತೀನಾ? ಚಳಿಗಾಲದಲ್ಲೇ ಪಟ್ಟಿ ಹೆಣೆದು ಕಾಯ್ತಿದ್ದೆ. ನೀನು ನೆಗಡಿಯಾಗಿ ಮಲಗಿದ್ಯಲ್ಲ, ದಿನಾ ಬೆಳಗ್ಗೆ ಎದ್ದು ಅದರ ಮೇಲೆ ಪೈಪಿನಲ್ಲಿ ಜೋರಾಗಿ ನೀರು ಬಿಟ್ಟೆ. ಎಷ್ಟು ಹಾಯ್ ಅನ್ಸುತ್ತೆ ಗೊತ್ತಾ!"

"ನನ್ನ ಟೋಪಿ ಹಾಕ್ಕೊಂಡು?"

"ಮತ್ತೆ? ಅದು ನೆನಪಿಟ್ಕೊಳ್ಳುತ್ತಲ್ಲ! ನಾನು ದಿನಾ ಬಟ್ಟೆ ಒಣಗಾಕ್ಬೇಡ್ವಾ?"

"ಊರಿಗೆಲ್ಲ ಹೇಳ್ತೀನಿ!"

"ಹೇಳು. ಬಿಸ್ಕತ್ತು ಬೇಕಾ?"

ಕ್ಲೈವ್ ಅವಳ ಮುಖವನ್ನೇ ನೋಡಿದ. ಬೆಳ್ಳಗಾದ ಕೂದಲು, ಕರುಣೆ ತುಂಬಿದ ಕಣ್ಣು. ಕಿವಿಯಾರೆ ಕೇಳಿದ ಅವನಿಗೇ ನಂಬಿಕೆ ಬರಲೊಲ್ಲದು; ಇನ್ನು ಊರು ನಂಬುತ್ತದೆಯೇ? ಸಿಟ್ಟು ಬಂದಿದ್ದು ನಿಜ, ಆದರೆ ಅವಳನ್ನು ಪ್ರೀತಿಸುವುದು ಬಿಟ್ಟು ಬೇರೇನೂ ಅವನಿಗೆ ಅಭ್ಯಾಸವಿರಲಿಲ್ಲ. ಬಿಸ್ಕತ್ತು ತೆಗೆದುಕೊಂಡ.

ಎನಿಡ್ ಒಳಗಿನಿಂದ ಒಂದು ಪೆಟ್ಟಿಗೆ ತಂದಳು. "ನೀನು ಅಧ್ಯಕ್ಷ ಆದಾಗ ಕೊಡೋಣ ಅಂತಿದ್ದೆ. ಇರ್ಲಿ ಬಿಡು."

ಹೊಚ್ಚಹೊಸ ಟೋಪಿ. ಅದಕ್ಕೆ ಗಿಳಿಹಸಿರು ಪಟ್ಟಿ. ಕ್ಲೈವ್ ಅದನ್ನು ಹಾಕಿಕೊಂಡು, ಉಸಿರು ಬಿಗಿಹಿಡಿದು ಗೇಟಿನವರೆಗೆ ಹೋದ. ಕೊಂಬೆಯ ಮೇಲಿದ್ದ ಹಕ್ಕಿ ಒಮ್ಮೆ ಕತ್ತು ಓರೆ ಮಾಡಿ ನೋಡಿ, ಸುಮ್ಮನೆ ರೆಕ್ಕೆ ತಿದ್ದಿಕೊಳ್ಳತೊಡಗಿತು. ಕ್ಲೈವನ ಕಣ್ಣು ಒದ್ದೆಯಾಯಿತು. ಕುರ್ಚಿ ಹೋದರೂ ತಲೆ ಉಳಿಯಿತಲ್ಲ!

ಒಳಗೆ ಬಂದು ಹೆಂಡತಿಯ ಕೈ ಹಿಡಿದ. "ಆಗಿದ್ದು ಆಯ್ತು. ಇನ್ನು ನನ್ನ ಹಳೇ ಟೋಪಿ ಮುಟ್ಟಲ್ಲ ಅಂತ ಮಾತು ಕೊಡು."

"ಖಂಡಿತ ಮುಟ್ಟಲ್ಲ," ಎಂದಳು ಎನಿಡ್.

ಆಮೇಲೆ ಅವನ ತಲೆಯಿಂದ ಹೊಸ ಟೋಪಿಯನ್ನು ಮೆಲ್ಲಗೆ ಎತ್ತಿ, ತಾನು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ಅಂಚನ್ನು ಕಣ್ಣಿನವರೆಗೆ ಎಳೆದುಕೊಂಡಳು.

"ನೋಡೋ, ನನಗೂ ಎಷ್ಟು ಸರಿಯಾಗಿ ಕೂರುತ್ತೆ!"