ಒಲೆ ಮುಂದಿನ ಧರಣಿ

ಗಿಣಿಗೇರಾದ ಹುಸೇನಪ್ಪನಿಗೆ ಹೋರಾಟವೆಂದರೆ ಎಲೆ-ಅಡಿಕೆಯಷ್ಟೇ ಚಟ. ನೀರಿಗೆ, ಕರೆಂಟಿಗೆ, ಕಾರ್ಖಾನೆ ಹೊಗೆಗೆ ಧರಣಿ ಕೂತು ಕೂತು ಅವನ ಧೋತರದ ಹಿಂಭಾಗ ಸವೆದಿತ್ತೇ ಹೊರತು ಸರ್ಕಾರ ಸವೆದಿರಲಿಲ್ಲ. ಆತ ಲೋಕೋದ್ಧಾರಕ್ಕೆ ಹೋದಾಗ ಮನೆ ನಡೆಸುತ್ತಿದ್ದುದು ಹೆಂಡತಿ ದುರಗಮ್ಮನ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಪಾಳಿ ಬಿಟ್ಟ ಕಾರ್ಮಿಕರು ನೇರ ಅವಳ ಬಾಗಿಲಿಗೇ ಬರುತ್ತಿದ್ದರು.

ಈ ಕ್ರಾಂತಿಕಾರಿಗೆ ಒಂದೇ ರಾಜಭೋಗ: ಒಲೆ ಪಕ್ಕ ಮಣೆ ಹಾಕಿಕೊಂಡು, ಹಂಚಿನಿಂದ ಇಳಿದ ರೊಟ್ಟಿಯನ್ನು ಹಬೆ ಆರುವ ಮೊದಲೇ ಮುರಿಯುವುದು. ಉಂಡ ಮೇಲೆ ಎಲೆ, ಅಡಿಕೆ, ತಂಬಾಕು ಜಗಿದು ಕಿಟಕಿಯಾಚೆ ಉಗುಳುವುದು. (ಗುರಿ ತಪ್ಪಿದರೆ ಈಚೆಗೂ.)

ಹೆಂಡತಿಯ ಮೇಲೆ ಸಿಟ್ಟಾಗಿ ಒಂದು ದಿನ ಖಾನಾವಳಿಯಲ್ಲಿ ಉಣ್ಣಲು ಹೋದ. ಸಾರಿನಲ್ಲಿ ಜಿರಳೆ ಈಜುತ್ತಿತ್ತು. ಮರುದಿನವೇ ಜನ ಕೂಡಿಸಿಕೊಂಡು ಕೊಪ್ಪಳದ ಕಚೇರಿ ಮುಂದೆ ಕೂತು ಗುಡುಗಿದ. ಹೋಟೆಲಿರಲಿ, ಗುಡಿಸಲಿರಲಿ, ಉಣ್ಣಾಕ ಮಾರುವ ಪ್ರತಿ ಒಲೆಯ ತಪಾಸಣೆ ಆಗಬೇಕು, ಯಾರಿಗೂ ರಿಯಾಯಿತಿ ಕೂಡದು ಎಂದ. ಒಳಗಿನಿಂದ ಬಂದ ಸಾಹೇಬರು ಎಂದಿನಂತೆ, "ಮನವಿ ಕೊಡ್ರಿ, ಪರಿಶೀಲಿಸ್ತೀವಿ" ಅಂದರು. ಜೀವಮಾನವಿಡೀ ಕೇಳಿದ ಮಾತು. ಕೇಳಿ ಮನೆಗೆ ಬರುವುದೂ ರೂಢಿಯೇ.

ಗ್ರಹಚಾರ ನೋಡಿ, ಅವನ ಬೇಡಿಕೆಗಳ ಪೈಕಿ ಈಡೇರಿದ್ದು ಇದೊಂದೇ.

ವಾರದೊಳಗೆ ಆಹಾರ ಸುರಕ್ಷತೆ ಅಧಿಕಾರಿ ವಿಜಯಲಕ್ಷ್ಮಿ ಮೇಡಂ ಅವನದೇ ಅಂಗಳದಲ್ಲಿ ಜೀಪು ಇಳಿದರು. ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ಬೇಕು, ಇಲ್ಲದಿದ್ದರೆ ಒಲೆ ಆರಿಸಬೇಕು ಎಂದರು. "ಲೀಡರ್ ಮನಿಯಿಂದನ ಶುರು ಮಾಡಿದ್ರ ಯಾರೂ ತಕರಾರು ತಗಿಯಂಗಿಲ್ಲ ನೋಡ್ರಿ." ದುರಗಮ್ಮ ಗಂಡನತ್ತ ಒಮ್ಮೆ ನೋಡಿದಳು. ಲಾಠಿ ಏಟು ತಿಂದಿದ್ದ ಹುಸೇನಪ್ಪ ಈ ನೋಟಕ್ಕಿಂತ ಅದೇ ವಾಸಿ ಎಂದುಕೊಂಡ.

ಮೇಡಂ ನೀರಿನ ಕೊಡದ ಮುಚ್ಚಳ ನೋಡಿದರು, ಹಿಟ್ಟಿನ ಡಬ್ಬಿ ನೋಡಿದರು, ದುರಗಮ್ಮನ ಉಗುರು ನೋಡಿದರು. ಎಲ್ಲ ಲಕಲಕ. ಕೊನೆಗೆ ಕಿಟಕಿ ಕೆಳಗಿನ ಕೆಂಪು ಗೋಡೆ ಕಣ್ಣಿಗೆ ಬಿತ್ತು.

"ಇದೇನ್ರಿ ಅಮ್ಮಾ?"

"ನಮ್ಮ ಮನಿಯವರ ಹೋರಾಟದ ಗುರುತ್ರಿ."

"ನಿಮ್ಮ ಕೆಲಸ ಭಾಳ ಛಲೋ ಐತಿ. ಆದ್ರ ತಂಬಾಕು ತಿನ್ನೋರು, ಉಗುಳೋರು ಅಡಿಗಿಮನ್ಯಾಗ ಇರಂಗಿಲ್ಲ. ಅದೊಂದು ಹೊರಗ ಹಾಕಿದ್ರ ನೋಂದಣಿ ಆಗ್ತೈತಿ."

"ಈಗಿಂದೀಗ ಹಾಕ್ತೀನ್ರಿ," ಎಂದು ದುರಗಮ್ಮ ಮಣೆ ಎತ್ತಿ ಪಡಸಾಲೆಗೆ ಒಗೆದೇ ಬಿಟ್ಟಳು.

ನನ್ನ ಮನೆಯಲ್ಲಿ ನನಗೇ ಬಹಿಷ್ಕಾರವೇ ಎಂದು ಹುಸೇನಪ್ಪ ಹಾರಾಡಿದ. ಗಂಡನೆಂದು ಒಂದಿಷ್ಟು ಸಡಿಲಿಕೆ ಇರಬೇಡವೇ ಎಂದೂ ಕೇಳಿದ. "ಯಾರಿಗೂ ರಿಯಾಯಿತಿ ಬ್ಯಾಡ ಅಂದೋರು ನೀವಽ ಅಲ್ರಿ?" ಎಂದು ಮೇಡಂ ಜೀಪು ಹತ್ತಿದರು.

ಮರುದಿನ ಅಡುಗೆಮನೆಯ ಹೊಸ್ತಿಲಿಗೆ ಅಡ್ಡಲಾಗಿ ಹುಸೇನಪ್ಪನ ಅನಿರ್ದಿಷ್ಟಾವಧಿ ಧರಣಿ ಶುರುವಾಯಿತು. ಬಾಯಲ್ಲಿ ತಂಬಾಕು ಇದ್ದದ್ದರಿಂದ ಘೋಷಣೆ ಸ್ಪಷ್ಟವಿರಲಿಲ್ಲ. ಕಾರ್ಖಾನೆಯ ಶಫೀಸಾಬ, "ಕಾಕಾ, ಸ್ವಲ್ಪ ಸರೀರಿ, ಪಾಳಿಗೆ ಹೊತ್ತಾತು" ಎಂದು ಅವನನ್ನು ದಾಟಿ ಕೈಚಾಚಿ ಬಿಸಿ ರೊಟ್ಟಿ ಇಸಿದುಕೊಂಡ. ಅದರ ಹಬೆ ಧರಣಿನಿರತನ ಮೂಗಿಗೆ ತಾಗಿಕೊಂಡೇ ಹೋಯಿತು.

ಆಗ ದುರಗಮ್ಮ ಹೊರಬಂದಳು. ಸೆರಗು ಸರಿಮಾಡಿಕೊಂಡು, ನಿನ್ನೆಯ ಒಣಗಿದ ಕಟಕ ರೊಟ್ಟಿಯ ತಾಟನ್ನು ಅವನ ಮುಂದಿಟ್ಟು, ಅಧಿಕಾರಿಯ ಗತ್ತಿನಲ್ಲಿ ಹೇಳಿದಳು:

"ಮನವಿ ಕೊಡ್ರಿ. ಪರಿಶೀಲಿಸ್ತೀನಿ."

ಒಳಹೋಗಿ ಬಾಗಿಲು ಎಳೆದುಕೊಂಡಳು. ಒಳಗೆ ಎರಡೂ ಕೈಯಿಂದ ರೊಟ್ಟಿ ಬಡಿಯುವ ಸದ್ದು ಪಟಪಟನೆ ಎದ್ದಿತು. ಹುಸೇನಪ್ಪನ ಯಾವ ಭಾಷಣಕ್ಕೂ ಅಷ್ಟು ಜೋರು ಚಪ್ಪಾಳೆ ಬಿದ್ದಿರಲಿಲ್ಲ.