ನಾಲ್ಕು ಚಾಪೆಗಳ ಸಮಾನತೆ

ಬಸವಕಲ್ಯಾಣದ ಒಂದು ಓಣಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಹನ್ನೊಂದು ವರ್ಷದ ಅನುಭವ. ಮೂರು ವರ್ಷದ ಮಗು ಮುಖ ಸಿಂಡರಿಸಿದ ರೀತಿ ನೋಡಿಯೇ ಅದಕ್ಕೆ ಹಸಿವೋ, ನಿದ್ದೆಯೋ, ಇಲ್ಲಾ ಚಡ್ಡಿ ಆಗಲೇ ಒದ್ದೆಯೋ ಎಂದು ಹೇಳಬಲ್ಲೆ. ಇಂಥವಳಿಗೆ ಒಂದು ಅರ್ಜಿ ತುಂಬುವುದು ಯಾವ ಲೆಕ್ಕ!

ಅರ್ಜಿ ತರಬೇತುದಾರರ ಆಯ್ಕೆಗೆ. ಆಯ್ಕೆಯಾದವರು ಹುಮನಾಬಾದಿಗೆ ಹೋಗಿ ಬೇರೆ ಕಾರ್ಯಕರ್ತೆಯರಿಗೆ ಪಾಠ ಹೇಳಬೇಕು. ನೆಲದ ಮೇಲೆ ಕೂತೇ ಹನ್ನೊಂದು ವರ್ಷ ಕಳೆದ ನನಗೆ ವೇದಿಕೆ ಹತ್ತುವ ಆಸೆ ಹುಟ್ಟಿತು. ಹೆಸರು, ವಿಳಾಸ, ವಿದ್ಯಾರ್ಹತೆ ಎಲ್ಲ ಸರಸರ ತುಂಬಿದೆ. ಕೊನೆಯ ಕಲಮಿನಲ್ಲಿ ಪೆನ್ನು ನಿಂತಿತು: 'ಬಾಲ್ಯದ ಶಿಕ್ಷಣದಲ್ಲಿ ವೈವಿಧ್ಯ ಮತ್ತು ಸಮಾನತೆಯನ್ನು ಪೋಷಿಸುವ ಕುರಿತು ನಿಮ್ಮ ವೃತ್ತಿಪರ ಆಶಯಗಳೇನು? ಫೋಟೋ ಲಗತ್ತಿಸಿ.'

ನಮ್ಮ ಯಜಮಾನರು ಟೇಲರ್. ಬೆಳಗಿನ ಚಹಾ ಕುಡಿಯುತ್ತ ಗುಂಡಿ ಹಚ್ಚುತ್ತಿದ್ದರು. ಅವರಿಗೆ ಓದಿ ಹೇಳಿದೆ.

"ಅದರಾಗೇನದ ಸುಮಾ? ನೀ ದಿನಾ ಮಾಡೋದು ಬರೀ."

"ದಿನಾ ಮಾಡೋದು ಆಶಯ ಹ್ಯಾಂಗ ಆಗ್ತದ್ರಿ? ಆಶಯ ಅಂದ್ರ ಜರಾ ದೊಡ್ಡದಿರಬೇಕು!"

ನಾನು ದಿನಾ ಮಾಡುತ್ತಿದ್ದದ್ದು ಇಷ್ಟೇ. ಒಂದು ಹಳೇ ಜಮಖಾನೆ ಹಾಸುವುದು, ಇಪ್ಪತ್ತು ಮಕ್ಕಳನ್ನು ಕೂಡಿಸುವುದು. ಒಬ್ಬರ ಮನೆಯಲ್ಲಿ ಕನ್ನಡ, ಒಬ್ಬರ ಮನೆಯಲ್ಲಿ ಮರಾಠಿ, ಇನ್ನೊಬ್ಬರದು ಉರ್ದು, ಮತ್ತೊಬ್ಬರದು ಲಂಬಾಣಿ. ಜಮಖಾನೆ ಮೇಲೆ ಮಾತ್ರ ಎಲ್ಲ ಕಲಸಿ ಒಂದು. "ಟೀಚರ್, ಮಲಾ ಪಾನಿ ಕೊಡ್ರಿ" ಎಂದು ಒಂದೇ ಉಸಿರಿನಲ್ಲಿ ಮೂರು ಭಾಷೆ ಮುಗಿಸುತ್ತಿದ್ದರು. ಉರ್ದು ಮನೆಯ ಅಲಿಯಾ, ಮರಾಠಿ ಮನೆಯ ಪೂಜಾ ಇಬ್ಬರಿಗೂ ನಾಲ್ಕು ವರ್ಷ. ಅಂಟು ಹಚ್ಚಿದಂತೆ ಒತ್ತಿಕೊಂಡೇ ಕೂಡುತ್ತಿದ್ದರು. ಮೊಟ್ಟೆ ಕೊಟ್ಟರೆ ಎರಡರ ಹಳದಿಯೂ ಅಲಿಯಾಗೆ, ಎರಡರ ಬಿಳಿಯೂ ಪೂಜಾಗೆ. ಈ ಒಪ್ಪಂದವನ್ನು ಯಾರೂ ಮಾಡಿಸಿದ್ದಲ್ಲ.

ಆದರೆ ಇದನ್ನು ಫೋಟೋ ತೆಗೆದರೆ ಏನು ಕಾಣುತ್ತದೆ? ಇಪ್ಪತ್ತು ಮಕ್ಕಳು ಕೂತಿದ್ದಾರೆ, ಅಷ್ಟೇ. ವೈವಿಧ್ಯ ಕಾಣುವುದೇ ಇಲ್ಲ!

ಆದ್ದರಿಂದ ನಾನು ಒಂದು ಐತಿಹಾಸಿಕ ನಿರ್ಣಯ ಕೈಗೊಂಡೆ. ನಾಲ್ಕು ಭಾಷೆಗೆ ನಾಲ್ಕು ಬಣ್ಣದ ಚಾಪೆ.

ನಮ್ಮ ಸಹಾಯಕಿ ಕಾಶಮ್ಮ ಚಾಪೆಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕೂಸುಗೋಳು ಕೂಡೇ ಕುಂತಾವಲ್ರಿ ಟೀಚರ್. ಮತ್ತ್ಯಾಕ ಬ್ಯಾರೆ ಮಾಡಾಕತ್ತೀರಿ?"

"ಇದು ಬ್ಯಾರೆ ಮಾಡೋದಲ್ಲ ಕಾಶಮ್ಮ, ಗುರುತಿಸೋದು." ನನ್ನ ದನಿಗೆ ಆಗಲೇ ತರಬೇತುದಾರರ ಗತ್ತು ಬಂದಿತ್ತು.

ಮೊದಲ ಎಡವಟ್ಟು ಅಳತೆಯದು. ಕನ್ನಡದ ಚಾಪೆ ಉಳಿದ ಮೂರಕ್ಕಿಂತ ಒಂದು ಮೊಳ ಉದ್ದವಿತ್ತು. ಸಮಾನತೆಗೆ ಭಂಗ! ಕತ್ತರಿ ತಂದು ಕತ್ತರಿಸಿದೆ. ಪ್ಲಾಸ್ಟಿಕ್ ಚಾಪೆ, ಅಂಚು ಹೋದದ್ದೇ ಎಳೆಎಳೆಯಾಗಿ ಬಿಚ್ಚಿಕೊಳ್ಳತೊಡಗಿತು. ಗಂಡನ ಅಂಗಡಿಗೆ ಓಡಿ ಹೊಲಿಸಿಕೊಂಡು ಬರುವಷ್ಟರಲ್ಲಿ ಕನ್ನಡ ಎಲ್ಲಕ್ಕಿಂತ ಚಿಕ್ಕದಾಗಿತ್ತು.

ಎರಡನೆಯದು ಲಾವಣ್ಯ. ಜಹೀರಾಬಾದ್ ಕಡೆಯಿಂದ ಬಂದ ತೆಲುಗು ಮನೆಯ ಹುಡುಗಿ. ನನ್ನ ಸಮಾನತೆಯಲ್ಲಿ ಅವಳಿಗೆ ಚಾಪೆಯೇ ಇರಲಿಲ್ಲ! ಪಾಪ ಎಂದು ನನ್ನ ಕುರ್ಚಿಯ ಮೇಲೆ ಕೂಡಿಸಿದೆ. ಐದೇ ನಿಮಿಷ. "ಟೀಚರ್, ನಾನೂ ತೆಲುಗು!" ಎಂದು ಇಡೀ ಅಂಗನವಾಡಿ ಕುರ್ಚಿಗೆ ಮುಗಿಬಿತ್ತು. ಕುರ್ಚಿಯ ಕಾಲು ಮುರಿಯಿತು.

ಅಷ್ಟರಲ್ಲಿ ಮೇಲ್ವಿಚಾರಕಿ ಬಂದರು. ಗಡಿಬಿಡಿಯಿಂದ ಎಲ್ಲರನ್ನೂ ಅವರವರ ಚಾಪೆಗೆ ಎತ್ತಿಹಾಕಿ, ಲಾವಣ್ಯಳನ್ನು ಕಾಶಮ್ಮನ ಬೆನ್ನ ಹಿಂದೆ ಅಡಗಿಸಿ ಫೋನ್ ಹಿಡಿದೆ. ನೋಡಿದರೆ ಅಲಿಯಾ ತನ್ನ ಚಾಪೆ ಬಿಟ್ಟು ಪೂಜಾಳ ಪಕ್ಕ! ಎತ್ತಿ ಈ ಕಡೆ ಕೂಡಿಸಿದೆ. ಎದ್ದು ಹೋದಳು. ಮತ್ತೆ ತಂದು ಕೂಡಿಸಿದೆ. ಮತ್ತೆ ಹೋದಳು. ಮೂರನೇ ಸಲ ದನಿ ಏರಿಸಿದೆ.

"ಅದು ನಿನ್ನ ಜಾಗ ಅಲ್ಲ! ಇಲ್ಲಿ ಕೂಡು!"

ಕೂತಳು. ತುಟಿ ಒತ್ತಿ ಹಿಡಿದು, ಸದ್ದಿಲ್ಲದೆ ಅತ್ತಳು. ನಾನು ಫೋಟೋ ತೆಗೆದೆ.

"ಏನ್ ಶಿಸ್ತದ್ರಿ!" ಎಂದರು ಮೇಲ್ವಿಚಾರಕಿ.

ಮರುದಿನ ಚಾಪೆ ಸುತ್ತಿಟ್ಟು ಹಳೇ ಜಮಖಾನೆ ಹಾಸಿದೆ. ಕೆಲಸ ಮುಗಿದಿತ್ತಲ್ಲ! ಆದರೆ ಮಕ್ಕಳದು ಮುಗಿದಿರಲಿಲ್ಲ. "ಟೀಚರ್, ಇವ ನಮ್ಮ ಚಾಪಿ ಮ್ಯಾಲ ಕುಂತಾನ!" ಎಂದು ಒಬ್ಬ ದೂರು ತಂದ. ಎಲ್ಲಿತ್ತು ಚಾಪೆ? ಅವನ ತಲೆಯೊಳಗೆ. ಒಂದೇ ಜಮಖಾನೆ ಮೇಲೆ ನಾಲ್ಕು ಗುಂಪಾಗಿ ಕೂತಿದ್ದರು. ಪೂಜಾ ಎರಡು ಮೊಟ್ಟೆಯ ಬಿಳಿ ಬೇಕೆಂದು ಹಟ ಹಿಡಿದಳು. ಅಲಿಯಾ ಬಂದಿರಲೇ ಇಲ್ಲ.

ನಾಲ್ಕು ದಿನ ಕಾದು ಅವಳ ಮನೆಗೆ ಹೋದೆ. ತಾಯಿ ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಜ್ವರ ಎಂದರೆ ಸಾಕು ಎಂದುಕೊಂಡೆ. ಅವರು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ನನಗಿಂತ ಮೆತ್ತಗೆ ಮಾತಾಡಿದರು.

"ಟೀಚರ್, ಪೂಜಾನ ಬಾಜೂಕ ಕುಂದ್ರಬ್ಯಾಡ ಅಂದಾರಂತ ಹೇಳ್ತಾಳ್ರಿ. ಆಕಿ ಮನಿಯವ್ರು ಏನರ ಅಂದ್ರೇನ್ರಿ? ನಮ್ಮಿಂದ ಏನ್ ಗಲ್ತಿ ಆಗ್ಯದ, ಹೇಳ್ರಿ."

ಬೈದಿದ್ದರೆ ಚೆನ್ನಾಗಿತ್ತು. "ಗಲ್ತಿ ನಂದ್ರಿ. ಒಂದು ಫೋಟೋ ಸಲುವಾಗಿ..." ಎಂದು ಶುರು ಮಾಡಿದೆ. ಮುಂದೆ ಹೇಳಲು ನಾಚಿಕೆಯಾಯಿತು. ಅಲಿಯಾ ಒಳಗಿನಿಂದ ಇಣುಕಿ ನೋಡಿ, ನಾನೆಂದು ತಿಳಿದು ಹಿಂದೆ ಸರಿದಳು. ಹನ್ನೊಂದು ವರ್ಷದಲ್ಲಿ ಯಾವ ಮಗುವೂ ನನ್ನನ್ನು ನೋಡಿ ಅಡಗಿರಲಿಲ್ಲ.

ನಾನು ಆಯ್ಕೆಯಾದೆ! ಹುಮನಾಬಾದಿನ ಸಭೆಯಲ್ಲಿ ಗೋಡೆಯಷ್ಟು ದೊಡ್ಡದಾಗಿ ನನ್ನ ಫೋಟೋ ತೋರಿಸಿದರು. ನಾಲ್ಕು ಬಣ್ಣ ಥಳಥಳ ಹೊಳೆಯುತ್ತಿದ್ದವು. ಅಲಿಯಾಳ ಕಣ್ಣೀರು ಅಷ್ಟು ದೊಡ್ಡದಾಗಿದ್ದರೂ ಯಾರಿಗೂ ಕಾಣಲಿಲ್ಲ. ಚಪ್ಪಾಳೆ!

ಎದ್ದು ನಿಂತು ಹೇಳಿದೆ: "ಇದು ತಪ್ಪಾಗ್ಯದ್ರಿ. ಯಾರೂ ಹಿಂಗ ಮಾಡಬ್ಯಾಡ್ರಿ. ಮೊದಲೇ ಛಲೋ ಇತ್ತು."

"ನೋಡ್ರಿ, ಇಷ್ಟ್ ದೊಡ್ಡ ಕೆಲಸ ಮಾಡಿನೂ ಎಷ್ಟು ವಿನಯ!" ಎಂದರು ಮೇಲ್ವಿಚಾರಕಿ. ಮತ್ತೆ ಚಪ್ಪಾಳೆ. ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು.

"ಮೇಡಂ, ಈ ಚಾಪಿ ಯಾವ ಅಂಗಡ್ಯಾಗ ಸಿಗ್ತಾವ್ರಿ?"

ಮುಂದಿನ ಸೋಮವಾರ ತಾಯಿಯ ಕೈ ಹಿಡಿದು ಅಲಿಯಾ ಬಂದಳು. ನನ್ನ ಎದೆ ಹಗುರಾಯಿತು. ಪೂಜಾ ಅವಳನ್ನು ಕಂಡದ್ದೇ ಸರಿದು ಜಾಗ ಮಾಡಿದಳು. ಅಲಿಯಾ ಕೂಡಲಿಲ್ಲ. ಹೊಸ್ತಿಲಲ್ಲೇ ನಿಂತು ನನ್ನ ಮುಖ ನೋಡಿದಳು.

"ಟೀಚರ್, ನಾ ಎಲ್ಲಿ ಕುಂದ್ರಲಿ?"

ಒಂದರಿಂದ ಹತ್ತರವರೆಗೆ ಎಣಿಸುವುದನ್ನು ಕಲಿಸಲು ನನಗೆ ಆರು ತಿಂಗಳು ಹಿಡಿಯುತ್ತದೆ. ಇದನ್ನು ಅರ್ಧ ಗಂಟೆಯಲ್ಲಿ ಕಲಿಸಿಬಿಟ್ಟಿದ್ದೆ. ಅಷ್ಟು ಒಳ್ಳೆಯ ಟೀಚರ್ ನಾನು!