ಭೋಜಣ್ಣನ ಆಯುಧಪೂಜೆ

ಭೋಜಣ್ಣನಿಗೆ ಲೋಕದಲ್ಲಿ ಇದ್ದದ್ದು ಎರಡೇ ಹೆದರಿಕೆ. ಒಂದು, ಎತ್ತರ. ಇನ್ನೊಂದು, ಆ ಹೆದರಿಕೆ ಹೆಂಡತಿ ಪ್ರೇಮಾವತಿಗೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂಬುದು. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೇಳಿದರೆ ಜಪ ಎನ್ನುತ್ತಿದ್ದ.

ಅವನ ಗ್ರಹಚಾರಕ್ಕೆ, ಮಸ್ಕತ್ತಿನಿಂದ ರಜೆಯಲ್ಲಿ ಬಂದ ಭಾವಮೈದುನ ಶೇಖರ ಟೇಪ್‌ರೆಕಾರ್ಡರ್ ತರುವುದು ಬಿಟ್ಟು ಒಂದು ಕಬ್ಬಿಣದ ಪೆಟ್ಟಿಗೆ ತಂದುಕೊಟ್ಟ. ಒಳಗೆ ಪೈಪ್ ರೆಂಚು, ಗರಗಸ, ಸುತ್ತಿಗೆ. ಮೈ ಕಾಯುವುದಕ್ಕೆ ಚರ್ಮದ ಕೈಗವಸು, ದಪ್ಪ ಕನ್ನಡಕ, ಸೊಂಟದ ಬೆಲ್ಟು, ಹಳದಿ ಹೆಲ್ಮೆಟ್ಟು. (ಇಷ್ಟು ರಕ್ಷಣೆ ಬೇಕಾದ ಕೆಲಸವನ್ನು ಮನುಷ್ಯರಾದವರು ಮಾಡುವುದಾದರೂ ಯಾಕೆ ಎಂದು ಭೋಜಣ್ಣನಿಗೆ ಆಗಲೇ ನಡುಕ ಹುಟ್ಟಿತ್ತು.) ಆದರೂ ಮೂಡಬಿದಿರೆಯ ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಚಾ ಕುಡಿಯಲು ಬಂದವರಿಗೆಲ್ಲ, "ಇನ್ನು ಪೈಪಿನ ಕೆಲಸಕ್ಕೆ ಮೊಯ್ದೀನನ್ನು ಕರೆಯುವುದಿಲ್ಲ, ನಾನೇ ಸಾಕು" ಎಂದು ಸಾರಿದ. ಪೆಟ್ಟಿಗೆ ಮಾತ್ರ ಮಂಚದಡಿಯಿಂದ ಕದಲಲಿಲ್ಲ.

ನವರಾತ್ರಿಯ ಮಹಾನವಮಿ. ಬೆಳಿಗ್ಗೆಯೇ ಪ್ರೇಮಾವತಿ ಆಯುಧಪೂಜೆ ಮುಗಿಸಿ ಪಾಯಸ ಕಾಯಿಸಲು ಕೂತಿದ್ದಳು. ಅಷ್ಟರಲ್ಲಿ ತಾರಸಿಯ ಮೇಲಿನ ನೀರಿನ ಟ್ಯಾಂಕಿಯ ಪೈಪು ಸಡಿಲಾಗಿ ನೀರು ಚಿಮ್ಮಿತು. ಅಲ್ಲಿಂದ ಪಕ್ಕದ ಅಡಿಗೆಮನೆಯ ಹೆಂಚಿಗೆ, ಹೆಂಚಿನ ಸಂದಿಯಿಂದ ಒಲೆಯ ಮೇಲಿನ ಪಾಯಸಕ್ಕೆ.

"ಇಲ್ಲಿ ಕೇಳಿ, ಮೊಯ್ದೀನ್ ಕಲ್ಲಡ್ಕಕ್ಕೆ ಹೋಗಿದ್ದಾನಂತೆ. ನಿಮ್ಮ ಪೆಟ್ಟಿಗೆ ಉಂಟಲ್ಲ, ಹತ್ತಿ."

ಗೋಡೆಗೆ ಒರಗಿದ್ದ ಬಿದಿರಿನ ಏಣಿ ನೋಡಿ ಭೋಜಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ದೇವರು ದೊಡ್ಡವನು.

"ಏನು ಮಾತಾಡ್ತೀ ಮಾರಾಯ್ತಿ? ಇವತ್ತು ನವಮಿ. ಪೂಜೆಗೆ ಇಟ್ಟ ಆಯುಧವನ್ನು ನಾಳೆಯವರೆಗೆ ಮುಟ್ಟಬಾರದು. ಪೈಪು ಹೋದರೆ ಇನ್ನೊಂದು ಬರ್ತದೆ, ಧರ್ಮ ಹೋದರೆ?"

ಪ್ರೇಮಾವತಿ ಒಳಗೆ ಹೋಗಿ ಪೆಟ್ಟಿಗೆ ತಂದು ಅವನ ಕಾಲ ಬುಡದಲ್ಲಿಟ್ಟಳು. ಅದರ ಮೇಲೆ ಕುಂಕುಮವಿಲ್ಲ, ಹೂವಿಲ್ಲ. ಬರೇ ಧೂಳು.

"ಪೂಜೆಗೆ ಇಟ್ಟದ್ದು ನನ್ನ ಕತ್ತಿ, ಹಾರೆ, ತುರಿಮಣೆ. ಕೆಲಸ ಮಾಡಿದ ಆಯುಧಕ್ಕಲ್ವಾ ಪೂಜೆ? ಇದನ್ನು ಇಡಲಿಲ್ಲ."

ಇನ್ನು ಉಪಾಯವಿಲ್ಲ. ಭೋಜಣ್ಣ ಯುದ್ಧಕ್ಕೆ ಹೊರಟ ವೀರನಂತೆ, ಆದರೆ ಬಹಳ ನಿಧಾನವಾಗಿ, ಬೆಲ್ಟು ಬಿಗಿದ, ಕೈಗವಸು ತೊಟ್ಟ, ಕನ್ನಡಕ ಏರಿಸಿದ, ಹೆಲ್ಮೆಟ್ಟು ಇಟ್ಟ. ಅಷ್ಟರೊಳಗೆ ಟ್ಯಾಂಕಿ ತಾನಾಗಿ ಖಾಲಿಯಾದೀತೆಂಬ ಆಸೆ ಅವನದು. ಆಗಲಿಲ್ಲ. ನಾಲ್ಕು ಮೆಟ್ಟಲು ಹತ್ತುವಷ್ಟರಲ್ಲಿ ಬೆವರಿಗೆ ಕನ್ನಡಕ ಮಂಜಾಯಿತು. ಏಣಿ ಕಿರ್ ಎಂದಿತು. ಮೇಲೂ ಕಾಣದು, ಕೆಳಗೂ ಕಾಣದು. ಬೆಲ್ಟಿನ ಕೊಂಡಿಯನ್ನು ಏಣಿಗೇ ಸಿಕ್ಕಿಸಿ, ಏಣಿಯನ್ನು ಅಪ್ಪಿ, ಕಣ್ಣು ಮುಚ್ಚಿದ.

"ಜಪವಾ?" ಕೆಳಗಿನಿಂದ ಪ್ರೇಮಾವತಿ ಕೇಳಿದಳು.

"ಪ್ರೇಮಾ, ನಾನು ಸಾಯ್ತೇನೆ."

"ಸಾಯುದಿಲ್ಲ. ಕೊಂಡಿ ಬಿಡಿಸಿ, ಬಲಗಾಲು ಕೆಳಗಿಡಿ. ಹಾಂ. ಇನ್ನು ಎಡದ್ದು. ಚಾರ್ಮಾಡಿಯಿಂದಲೇ ನನಗೆ ಗೊತ್ತುಂಟು, ಹೆದರ್ಬೇಡಿ."

ಇಷ್ಟು ವರ್ಷ ಕಾಪಾಡಿದ ಗುಟ್ಟು ಹೀಗೆ ಏಣಿಯ ಮೇಲೆಯೇ ರಟ್ಟಾಯಿತು. ಭೋಜಣ್ಣನಿಗೆ ನಾಚಿಕೆಯಾಯಿತು, ಆದರೆ ಕಾಲು ನೆಲಕ್ಕೆ ತಾಗಿದ ಸುಖದ ಮುಂದೆ ನಾಚಿಕೆ ಯಾವ ಲೆಕ್ಕ? ಪ್ರೇಮಾವತಿ ಅವನ ಹೆಲ್ಮೆಟ್ಟು, ಬೆಲ್ಟು ತಾನು ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ರೆಂಚು ಹಿಡಿದು ಹತ್ತಿದಳು. ಭೋಜಣ್ಣ ಎರಡೂ ಕೈಯಲ್ಲಿ ಏಣಿ ಹಿಡಿದು, ಅವಳ ಬದಲು ತಾನೇ ನಡುಗಿದ. ಪೈಪು ಬಿಗಿಯಾಯಿತು. ಪಾಯಸ ಮಾತ್ರ ಆ ವರ್ಷ ತಿಳಿಸಾರಿನಷ್ಟೇ ದಪ್ಪ.

ಮರುವರ್ಷದ ನವಮಿಗೆ ಕತ್ತಿ, ಹಾರೆಗಳ ನಡುವೆ ಪೈಪ್ ರೆಂಚು ಕುಂಕುಮ ಇಟ್ಟುಕೊಂಡು ಗತ್ತಿನಲ್ಲಿ ಕೂತಿತ್ತು. ಈ ಸಲ ಪಾಯಸವೂ ಗಟ್ಟಿ. ಭೋಜಣ್ಣ ಅದರ ಪರಿಮಳ ಎಳೆಯುತ್ತ ಕೂತಿದ್ದ.

"ನಿಮ್ಮ ಆಯುಧಕ್ಕೂ ಪೂಜೆ ಮಾಡುವ, ಕೈ ನೀಡಿ," ಎಂದಳು ಪ್ರೇಮಾವತಿ. "ಏಣಿ ಹಿಡಿದದ್ದು ಇದೇ ಅಲ್ವಾ?"

ಭೋಜಣ್ಣ ಉಬ್ಬಿಹೋಗಿ ಎರಡೂ ಅಂಗೈ ಚಾಚಿದ. ಅವಳು ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು, ಹೂವಿಟ್ಟು, ಕೈ ಮುಗಿದಳು. ಅವನು ಪಾಯಸದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಬಟ್ಟಲು ಆಚೆ ಸರಿಯಿತು.

"ಪೂಜೆಗೆ ಇಟ್ಟದ್ದನ್ನು ನಾಳೆಯವರೆಗೆ ಉಪಯೋಗಿಸ್ಬಾರದು. ನೀವೇ ಹೇಳಿದ್ದಲ್ವಾ?"